ದುಡಿಮೆಯ ನೆಲ, ಸುಲಿಗೆಯ ನೆಲ: ಬ್ರೆಜಿಲ್‌ನ ಚರ್ಚು ಮತ್ತು ಭೂಹೀನರು

ಬ್ರೆಜಿಲ್‌ನ ಭೂಹೀನತೆಯ ಬೇರು ಕಾನೂನಿನಲ್ಲೇ ಇದೆ. 1850ರ ಭೂಕಾಯಿದೆಯ ಪ್ರಕಾರ ಸರ್ಕಾರಿ ನೆಲ ಹಣ ಕೊಟ್ಟು ಕೊಂಡವರಿಗೆ ಮಾತ್ರ ಸಲ್ಲುತ್ತಿತ್ತು. 1888ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆಗೊಂಡವರಿಗೆ ಹೊಲವೂ ಸಿಗಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಈ ವ್ಯವಸ್ಥೆಯೊಡನೆ ಕ್ಯಾಥೊಲಿಕ್ ಚರ್ಚು ಬಹುಕಾಲ ಹೊಂದಿಕೊಂಡೇ ಬಂತು. 1964ರ ಸೇನಾ ದಂಗೆಯನ್ನು ಬಿಷಪ್ಪರ ರಾಷ್ಟ್ರೀಯ ಪರಿಷತ್ತು ಸ್ವಾಗತಿಸಿತ್ತು ಕೂಡ. ಅದೇ ಚರ್ಚು ಒಂದು ದಶಕದೊಳಗೆ ಭೂಹೀನರ ಪಕ್ಷ ವಹಿಸಿದ್ದು ಹೇಗೆ? ಲ್ಯಾಟಿನ್ ಅಮೆರಿಕದ ಬಿಷಪ್ಪರು 1968ರಲ್ಲಿ ನಡೆಸಿದ ಮೆಡೆಲಿನ್ ಸಮಾವೇಶದ ಬಡವರ ಪರವಾದ ಚಿಂತನೆ ದಾರಿ ತೆರೆಯಿತು, ನಿಜ. ಆದರೆ ಅಮೆಜಾನ್ ಅಂಚಿನಲ್ಲಿ ಕಣ್ಣಾರೆ ಕಂಡ ಅನ್ಯಾಯ ಆ ದಾರಿಯಲ್ಲಿ ನಡೆಸಿತು ಎಂಬುದು ಈ ಲೇಖನದ ವಾದ.

ಅಮೆಜಾನ್‌ನಲ್ಲಿ ದನದ ಹುಲ್ಲುಗಾವಲು ಮಾಡುವ ಕಂಪನಿಗಳಿಗೆ ಸೇನಾ ಸರ್ಕಾರ ತೆರಿಗೆ ರಿಯಾಯಿತಿ ಕೊಟ್ಟಿತು. ನಮ್ಮ ಬಗರ್‌ಹುಕುಂ ಸಾಗುವಳಿದಾರರಂತೆ ಪಟ್ಟೆಯಿಲ್ಲದೆ ಉತ್ತುಂಡಿದ್ದ ‘ಪೊಸೇರೊ’ಗಳು ಒಕ್ಕಲೆದ್ದರು. ಕೆಟಲೋನಿಯಾ ಮೂಲದ ಪೆದ್ರೊ ಕಸಾಲ್ದಾಲಿಗ ಇದೇ ಸೀಮೆಯ ಸಾವ್ ಫೆಲಿಕ್ಸ್ ದೊ ಅರಾಗ್ವಾಯಾದ ಬಿಷಪ್ಪರಾದ 1971ರಲ್ಲೇ, ದೊಡ್ಡ ಜಮೀನ್ದಾರಿಕೆಯ ವಿರುದ್ಧ ಸಭಾಪತ್ರ ಹೊರಡಿಸಿದರು. ಅದು ಬರಿಯ ಉಪದೇಶವಾಗಿರಲಿಲ್ಲ. ಒಕ್ಕಲೆಬ್ಬಿಸಿದ್ದನ್ನೂ ಕೂಲಿಯಾಳುಗಳ ಜೀತವನ್ನೂ ದಾಖಲಿಸಿತ್ತು. 1976ರಲ್ಲಿ ಇಬ್ಬರು ಹೆಂಗಸರಿಗೆ ಪೊಲೀಸರು ಕೊಡುತ್ತಿದ್ದ ಚಿತ್ರಹಿಂಸೆಯನ್ನು ಪ್ರತಿಭಟಿಸಲು ಕಸಾಲ್ದಾಲಿಗ ಹೋದಾಗ, ಜೊತೆಗಿದ್ದ ಪಾದ್ರಿ ಜೋವಾವ್ ಬೋಸ್ಕೊ ಬುರ್ನಿಯೆ ಗುಂಡಿಗೆ ಬಲಿಯಾದರು.

1975ರಲ್ಲಿ ಗೊಯಾನಿಯಾದಲ್ಲಿ ಚರ್ಚಿನ ಭೂ ಆಯೋಗ ಹುಟ್ಟಿತು. ಲುಥೆರನ್ನರೂ ಅದರೊಡನೆ ಕೈಜೋಡಿಸಿದರು. 1980ರಲ್ಲಿ ಬಿಷಪ್ಪರ ಪರಿಷತ್ತೇ ನೆಲವನ್ನು ಎರಡಾಗಿ ವಿಂಗಡಿಸಿತು: ದುಡಿಯುವವರನ್ನು ಸಲಹುವ ನೆಲ ಒಂದು, ಲಾಭ ಬೆಳೆಸಲೆಂದೇ ಬಂಡವಾಳ ಹಿಡಿದಿಟ್ಟುಕೊಂಡ ನೆಲ ಇನ್ನೊಂದು. ಚರ್ಚಿನ ಸ್ವಂತ ಆಸ್ತಿಯನ್ನೂ ಪರಿಶೀಲನೆಗೆ ಒಳಪಡಿಸುವುದಾಗಿ ಬಿಷಪ್ಪರು ಮಾತು ಕೊಟ್ಟರು. ದಂಗೆಯನ್ನು ಸ್ವಾಗತಿಸಿದ್ದ ಪರಿಷತ್ತು ನಡೆದ ದೂರ ಇಲ್ಲಿ ಕಾಣುತ್ತದೆ.

1981ರಲ್ಲಿ ದಕ್ಷಿಣದ ರಿಯೊ ಗ್ರಾಂದೆ ದೊ ಸುಲ್ ರಾಜ್ಯದ ನಟಾಲಿನೊ ಕೂಡುರಸ್ತೆಯ ಬಳಿ ಭೂಹೀನರು ಚರ್ಚಿನ ಬೆಂಬಲದೊಡನೆ ಗುಡಿಸಲು ಹಾಕಿ ಕುಳಿತರು. ಸೇನೆ ಸುತ್ತುವರಿದರೂ ಕದಲಲಿಲ್ಲ. ಶಿಬಿರದ ಮರದ ಶಿಲುಬೆಗೆ, ಅಲ್ಲಿ ತೀರಿಕೊಂಡ ಒಂದೊಂದು ಮಗುವಿನ ಲೆಕ್ಕಕ್ಕೆ ಒಂದೊಂದು ಬಿಳಿ ಬಟ್ಟೆ ಕಟ್ಟಲಾಗಿತ್ತು. ಇಂಥ ಶಿಬಿರಗಳ ಅನುಭವದಿಂದಲೇ 1984ರಲ್ಲಿ ಕಾಸ್ಕವೆಲ್‌ನಲ್ಲಿ ಭೂಹೀನ ಕಾರ್ಮಿಕರ ಚಳವಳಿಯಾದ ಎಂಎಸ್‌ಟಿ ರೂಪುಗೊಂಡಿತು. ಸಮಾಜಕ್ಕೆ ಉಪಯೋಗವಾಗದ ಜಮೀನನ್ನು ಭೂಸುಧಾರಣೆಗಾಗಿ ವಶಪಡಿಸಿಕೊಳ್ಳಲು 1988ರ ಸಂವಿಧಾನ ಅವಕಾಶ ಕೊಟ್ಟಿತು.

ಭೂಹೀನರ ಪಕ್ಷ ವಹಿಸಿದ್ದಕ್ಕೆ ಚರ್ಚು ತೆತ್ತ ಬೆಲೆ ದೊಡ್ಡದು. ಭೂ ಆಯೋಗದ ಪಾದ್ರಿ ಜೋಸಿಮೊ ತವಾರೆಸ್ 1986ರ ಮೇ 10ರಂದು ಇಂಪೆರಾಟ್ರಿಸ್‌ನ ಕಚೇರಿಯ ಮೆಟ್ಟಿಲಲ್ಲಿ ಗುಂಡಿಗೆ ಬಿದ್ದರು. ಆಯೋಗದೊಡನೆ ದುಡಿಯುತ್ತಿದ್ದ 73 ವರ್ಷದ ಸನ್ಯಾಸಿನಿ ಸಿಸ್ಟರ್ ಡೊರತಿ ಸ್ಟಾಂಗ್ ಅವರನ್ನು 2005ರ ಫೆಬ್ರವರಿ 12ರಂದು ಅನಾಪುವಿನಲ್ಲಿ ಕೊಲ್ಲಲಾಯಿತು. 1985ರಿಂದ ಭೂ ಆಯೋಗ ಪ್ರತಿವರ್ಷದ ಭೂಸಂಘರ್ಷಗಳನ್ನೂ ಕೊಲೆಗಳನ್ನೂ ದಾಖಲಿಸುತ್ತ ಬಂದಿದೆ. ಕಸಾಲ್ದಾಲಿಗರ ಪತ್ರ, ನಟಾಲಿನೊದ ಬಟ್ಟೆತುಂಡುಗಳು, ಈ ವಾರ್ಷಿಕ ವರದಿ ಮೂರೂ ಮಾಡಿದ್ದು ಒಂದೇ ಕೆಲಸ. ಸರ್ಕಾರದ ಕಾಗದಪತ್ರಗಳಲ್ಲಿ ಹೆಸರೇ ಇಲ್ಲದವರ ಬದುಕಿಗೂ ಸಾವಿಗೂ ಚರ್ಚು ಸಾಕ್ಷಿಯಾಗಿ ನಿಂತಿತು.