ಹಾಸಿಗೆ ಬಿಟ್ಟು ಎದ್ದ ವೃದ್ಧರು

‘ವಯಸ್ಸಾಯಿತು, ಇನ್ನೇನು’ ಎಂಬುದು ಯಾವ ರೋಗದ ಹೆಸರೂ ಅಲ್ಲ. ಆದರೂ ಒಂದು ಕಾಲದ ಇಂಗ್ಲೆಂಡಿನಲ್ಲಿ ಅನೇಕ ಬಡ ವೃದ್ಧರು ಹೆಚ್ಚುಕಡಿಮೆ ಅದೇ ಕಾರಣಕ್ಕೆ ವರ್ಷಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಕೊಳೆಯುತ್ತಿದ್ದರು.

1935ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ಬಡವರ ಆಸ್ಪತ್ರೆಯನ್ನು ವಹಿಸಿಕೊಂಡಿತು. ಅಲ್ಲಿದ್ದ 700ಕ್ಕೂ ಹೆಚ್ಚು ರೋಗಿಗಳ ಹೊಣೆ ಡಾ. ಮಾರ್ಜರಿ ವಾರೆನ್ ಅವರ ಪಾಲಿಗೆ ಬಂತು. ಪಾರ್ಶ್ವವಾಯು ಬಡಿದವರು, ಅರಳುಮರಳಿನವರು, ಹೋಗಲು ಮನೆಯಿಲ್ಲದವರು ಎಲ್ಲರೂ ಅಕ್ಕಪಕ್ಕದಲ್ಲೇ ಮಲಗಿದ್ದರು. ಅವರಲ್ಲಿ ಎಷ್ಟೋ ಮಂದಿಯ ಕಾಯಿಲೆ ಏನೆಂದು ಯಾರೂ ಸರಿಯಾಗಿ ನೋಡಿಯೇ ಇರಲಿಲ್ಲ.

ವಾರೆನ್ ಹೊಸ ಔಷಧಿಯನ್ನೇನೂ ಕಂಡುಹಿಡಿಯಲಿಲ್ಲ. ಒಬ್ಬೊಬ್ಬರನ್ನೇ ಪರೀಕ್ಷಿಸಿದರು, ಕಾಯಿಲೆಗೆ ತಕ್ಕಂತೆ ವಿಂಗಡಿಸಿದರು, ಏಳಬಲ್ಲವರನ್ನು ಎಬ್ಬಿಸಿ ನಡೆಸಿದರು. ಸುಮ್ಮನೆ ಮಲಗಿದ್ದರೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಹುಣ್ಣಾಗುತ್ತದೆ. ವಿಶ್ರಾಂತಿಗೆಂದು ಕೊಟ್ಟ ಹಾಸಿಗೆಯೇ ಕಾಯಿಲೆ ತರುತ್ತಿತ್ತು! ಮಂಕು ಗೋಡೆಗಳಿಗೆ ತಿಳಿಬಣ್ಣ ಬಂತು, ವಾರ್ಡಿನಲ್ಲಿ ಬೆಳಕು ಹೆಚ್ಚಿತು. ಇವು ಚಿಕ್ಕ ಸಂಗತಿಗಳೇನಲ್ಲ. ಕಣ್ಣು ಮಂದವಾದವರಿಗೆ ನಡೆಯುವ ಧೈರ್ಯ ಬರುವುದು ಬೆಳಕಿನಲ್ಲೇ. ಬಹಳಷ್ಟು ಮಂದಿ ಚೇತರಿಸಿಕೊಂಡು ತಮ್ಮ ಮನೆಗೋ ವೃದ್ಧಾಶ್ರಮಕ್ಕೋ ಹೊರಟರು.

ವೃದ್ಧರ ಚಿಕಿತ್ಸೆ ವೈದ್ಯಶಾಸ್ತ್ರದ ಪ್ರತ್ಯೇಕ ಶಾಖೆಯಾಗಬೇಕು, ವೈದ್ಯ ವಿದ್ಯಾರ್ಥಿಗಳು ಅದನ್ನು ಕಲಿಯಬೇಕು ಎಂದು ವಾರೆನ್ 1943 ಮತ್ತು 1946ರಲ್ಲಿ ವೈದ್ಯಪತ್ರಿಕೆಗಳಲ್ಲಿ ವಾದಿಸಿದರು. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ವೃದ್ಧರಿಗೆಂದೇ ತಜ್ಞವೈದ್ಯರು ನೇಮಕವಾಗತೊಡಗಿದರು. ಹಳೆಯ ಬಡವರ ಆಸ್ಪತ್ರೆಗಳಿಂದ ಬಂದಿದ್ದ ವಾರ್ಡುಗಳೇ ಅವರಲ್ಲಿ ಅನೇಕರ ಪಾಲಿಗೆ ಸಿಕ್ಕವು. ಗೋಡೆಗೆ ಬಣ್ಣ ಬಳಿಸುವುದರಿಂದಲೇ ಅವರೂ ಕೆಲಸ ಶುರುಮಾಡಬೇಕಿತ್ತು.