ಹಗೇವು ಇದ್ದ ಮನೆಗಳು

ಬರಗಾಲದ ಪಾಠ ಮಾಡುವಾಗ ನಾವು ಟೀಚರುಗಳು ಸತ್ತವರ ಲೆಕ್ಕ ಹೇಳಿ ಮುಂದೆ ಹೋಗುತ್ತೇವೆ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಹೋದರು, ಐವರಲ್ಲಿ ಒಬ್ಬರು. ಉಳಿದ ನಾಲ್ವರು ಏನು ತಿಂದು ಉಳಿದರು ಟೀಚರ್ ಎಂದು ಒಬ್ಬ ಹುಡುಗಿ ಕೇಳಿದಳು. ಪುಸ್ತಕದಲ್ಲಿ ಅದಿರಲಿಲ್ಲ. ನಾನು ಹಗೇವಿನ ಬಗ್ಗೆ ಹೇಳಿದೆ.

ಹಗೇವು ಅಂದರೆ ನೆಲದೊಳಗಿನ ಕಣಜ. ನೀರು ನಿಲ್ಲದ ಗಟ್ಟಿ ನೆಲ ನೋಡಿ ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗಡಿಗೆಯ ಹಾಗೆ ಅಗಲ. ಸುತ್ತ ಒಣಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಮತ್ತೆ ಹುಲ್ಲು, ಹಾಸುಗಲ್ಲು, ಮಣ್ಣು. ಗಾಳಿಯಾಡದ್ದರಿಂದ ಹುಳುವಿಗೆ ಉಸಿರಿಲ್ಲ; ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮೈಸೂರು ಕಡೆಯ ರಾಗಿಯಂತೂ ಇನ್ನೂ ಹೆಚ್ಚು ಕಾಲ. ಆದರೆ ಆ ಕೆಟ್ಟ ಗಾಳಿ ಮನುಷ್ಯರನ್ನೂ ಬಿಡುವುದಿಲ್ಲ. ‘ಬಗ್ಗಬ್ಯಾಡವಾ, ಅದರ ಉಸುರು ಹೊರಗ ಹೋಗ್ಲಿ’ ಎಂದು ನಮ್ಮಜ್ಜಿ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುವುದು.

ತೋಡುವುದು, ತುಂಬುವುದು ಗಂಡಸರ ಕೆಲಸ. ಸಂತೆಗೆಷ್ಟು, ಬೀಜಕ್ಕೆಷ್ಟು, ನೆಲಕ್ಕೆಷ್ಟು ಎಂಬ ಲೆಕ್ಕ ಮಾತ್ರ ನಮ್ಮ ಮನೆಯಲ್ಲಿ ಅಕ್ಷರ ಬಾರದ ಅಜ್ಜಿಯದು.

ಹಾಗಾದರೆ ಅಷ್ಟು ಜನ ಸತ್ತದ್ದೇಕೆ? ಹಗೇವು ಎಲ್ಲರಿಗೂ ಇರಲಿಲ್ಲ, ಇದನ್ನು ಮುಚ್ಚಿಡಬಾರದು. ಹೊಲವಿಲ್ಲದ ಕೂಲಿಯವರಿಗೆ ವಾರದ ಸಂತೆಯೇ ಕಣಜ. ಹೊಲವಿದ್ದವರ ಕಥೆಯೂ ಬದಲಾಗಿತ್ತು. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬೆಲೆ ಬಂದಾಗ, ಧಾರವಾಡ ಸೀಮೆಯಲ್ಲಿ ಹತ್ತಿ ಹಬ್ಬಿತ್ತು. ಯುದ್ಧ ಮುಗಿದು ಬೆಲೆ ಬಿತ್ತು. ಹತ್ತಿಯನ್ನು ಹಗೇವಿಗೆ ತುಂಬಿ ಉಣ್ಣಲಾಗುತ್ತದೆಯೇ? ಧಾರವಾಡ, ಕಲಾದಗಿಗಳಿಗೆ ಆಗ ರೈಲಿರಲಿಲ್ಲ, ಅದು ಬಂದದ್ದು 1880ರ ದಶಕದಲ್ಲಿ. ಮೇವಿಲ್ಲದೆ ಎತ್ತು ಸತ್ತ ಮೇಲೆ ಬಂಡಿ ಎಳೆಯುವವರಾರು? ಅತ್ತ ಮದ್ರಾಸು ಪ್ರಾಂತದಲ್ಲಿ, 1877ರಲ್ಲಿ, ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಕಾಳು ಮತ್ತು ಅಲ್ಪ ಕಾಸಿಗೆ ಇಳಿಸಿದ. ಒಂದು ಪೌಂಡ್ ಅರ್ಧ ಕಿಲೋಗೂ ಕಡಿಮೆ. ಅದರಲ್ಲಿ ಎಷ್ಟು ರೊಟ್ಟಿಯಾಗುತ್ತದೆಂದು ನಿಮಗೆ ನಾನು ಹೇಳಬೇಕೆ? ಅದೂ ಕಲ್ಲು ಹೊರುವ ಮೈಗೆ!

ಇನ್ನೊಂದು ಮಾತು. ಹಗೇವು ಬರಕ್ಕೆ ಮದ್ದು, ನೆರೆಗಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಮಳೆ ಬಿಡದೆ ಹೊಡೆದಾಗ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮಾಳಿಗೆಗಳು ಸಾಲಾಗಿ ಕುಸಿದವು. ನಮ್ಮ ಶಾಲೆಯಲ್ಲಿ ಇಳಿದುಕೊಂಡಿದ್ದ ಒಬ್ಬಾಕೆ ಮಗಳ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಳು. ಬೇರೇನನ್ನೂ ತಂದಿರಲಿಲ್ಲ. ಅಂದಿನಿಂದ ನಮ್ಮ ಮನೆಯ ಕಾಗದಪತ್ರಗಳು ಒಂದೇ ಚೀಲದಲ್ಲಿ, ಅಟ್ಟದ ಮೇಲಿವೆ. ಬೇವಿನ ಎಲೆ ಹಾಕಿದ ಡಬ್ಬಿಯಲ್ಲಿ ಎರಡು ತಿಂಗಳ ಜೋಳವೂ ಇರುತ್ತದೆ; ಸೊಸೆ ನಕ್ಕರೆ ನಗಲಿ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ, ಕೈಯಲ್ಲಿ ಕಾಸಿದ್ದವರು ಚೀಲಗಟ್ಟಲೆ ಸಾಮಾನು ಹೊತ್ತೊಯ್ದರು. ಪಾತ್ರೆ ತಿಕ್ಕಲು ಬರುತ್ತಿದ್ದಾಕೆ ನಾಲ್ಕನೆಯ ದಿನ ಹಿತ್ತಲ ಬಾಗಿಲಿಗೆ ಬಂದಳು. ‘ಅಕ್ಕಾರ, ಕಡ ಕೊಡ್ರಿ’ ಅಂದಳು. ನಾಲ್ಕು ಸೇರು ಜೋಳ ಅಳೆದುಕೊಟ್ಟೆ. ಮರುವರ್ಷದ ಸುಗ್ಗಿಯಲ್ಲಿ ಅಷ್ಟನ್ನೂ ಅಳೆದು ತಂದಿಟ್ಟಳು, ಬೇಡವೆಂದರೂ ಕೇಳಲಿಲ್ಲ.