ಎಲ್‌ಇಡಿ ರಂಗದೀಪ

ನಾಟಕ, ನೃತ್ಯ, ಯಕ್ಷಗಾನ ವೇದಿಕೆಗಳಲ್ಲಿ ಹ್ಯಾಲೋಜನ್ ದೀಪಗಳ ಬದಲಿಗೆ ಬಳಸುವ ಮಿತವ್ಯಯದ ದೀಪ. ಹಳೆಯ ಪಾರ್ 64 ಎಂಬ ಹ್ಯಾಲೋಜನ್ ದೀಪವೊಂದು ಸಾಮಾನ್ಯವಾಗಿ 1000 ವಾಟ್ ಎಳೆಯುತ್ತದೆ. ಬಹುಪಾಲು ಶಾಖವಾಗಿ ಹೋಗುತ್ತದೆ, ಮುಂದೆ ಸಿಕ್ಕಿಸಿದ ಬಣ್ಣದ ಜೆಲ್ ಹಾಳೆ ಬಿಳಚಿಕೊಂಡು ಸುರುಟುತ್ತದೆ. ಎಲ್‌ಇಡಿ ಪಾರ್‌ಗೆ ಸುಮಾರು 200 ವಾಟ್ ಸಾಕು, ಬಣ್ಣವನ್ನು ತಾನೇ ಕೊಡುವುದರಿಂದ ಜೆಲ್ ಬೇಡ. ಇದನ್ನು ಹಳೆಯ ಡಿಮ್ಮರ್‌ಗೆ ಜೋಡಿಸಬಾರದು: ಬೆಳಕು ಮಿನುಗುತ್ತದೆ, ದೀಪವೂ ಕೆಡಬಹುದು. ಡಿಮ್ಮರ್ ಇಲ್ಲದೆ ನೇರವಾಗಿ ವಿದ್ಯುತ್ ಕೊಟ್ಟು, ಡಿಎಂಎಕ್ಸ್ 512 ಎಂಬ ಡಿಜಿಟಲ್ ನಿಯಂತ್ರಣ ವ್ಯವಸ್ಥೆಯ ಮೂಲಕ ನಿಯಂತ್ರಿಸಬೇಕು.

ಕೆಂಪು-ಹಸಿರು-ನೀಲಿ ಮಾತ್ರ ಬೆರೆಸಿದ ಅಗ್ಗದ ಬಿಳಿಯಲ್ಲಿ ಮೈಬಣ್ಣ ಸಪ್ಪೆಯಾಗುತ್ತದೆ. ಯಕ್ಷಗಾನದ ಮುಖವರ್ಣಿಕೆಗೆ ಇದು ದೊಡ್ಡ ನಷ್ಟ. ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂದು ಅಳೆಯುವ ಬಣ್ಣ ನಿರೂಪಣಾ ಸೂಚ್ಯಂಕ 90 ದಾಟಿದ ಬೆಚ್ಚನೆಯ ಬಿಳಿ ದೀಪಗಳನ್ನು ಮುಖಬೆಳಕಿಗೆ ಮೊದಲು ಕೊಂಡು, ಅಗ್ಗದವನ್ನು ಹಿನ್ನೆಲೆ ಪರದೆಗೆ ಇಡುವುದೇ ಸಣ್ಣ ತಂಡಗಳಿಗೆ ಸರಿಯಾದ ದಾರಿ. ಈ ದೀಪಗಳ ಬಾಳಿಕೆ ನಿಂತಿರುವುದು ಶಾಖ ಹೊರಹಾಕುವ ಲೋಹದ ಕವಚ, ವಿದ್ಯುತ್ ಪೂರೈಸುವ ಡ್ರೈವರ್, ಫ್ಯಾನುಗಳ ಮೇಲೆ. ಫ್ಯಾನಿನ ಧೂಳನ್ನು ಆಗಾಗ ತೆಗೆಯುತ್ತಿರಬೇಕು.